ನಾಲಿಗೆಯಡಿಯ ಗುಳಿಗೆ ಮತ್ತು ಇನ್ಹೇಲರ್: ಎರಡರ ಕೆಲಸ ಎಲ್ಲಿಯವರೆಗೆ?

ಉಬ್ಬಸದವರು ಸೇದುವ ಇನ್ಹೇಲರ್ ಮತ್ತು ಎದೆನೋವಿನವರು ನಾಲಿಗೆಯಡಿ ಇಟ್ಟುಕೊಳ್ಳುವ ಗುಳಿಗೆ, ಎರಡೂ ಕೆಲಸ ಮಾಡುವುದು ನಾಳಗಳ ಗೋಡೆಯಲ್ಲಿರುವ, ನಮ್ಮ ಇಚ್ಛೆಗೆ ಒಳಪಡದ ಸ್ನಾಯುವಿನ ಮೇಲೆ. ಅದು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿದರೆ ಅಗಲವಾಗುತ್ತದೆ. ಈ ಔಷಧಗಳು ಆ ಸ್ನಾಯುವನ್ನು ಸಡಿಲಿಸುತ್ತವೆ. ಅದನ್ನು ಬಿಗಿಯುವಂತೆ ಮಾಡಿದ ಕಾಯಿಲೆಯನ್ನು ಗುಣಪಡಿಸುವುದಿಲ್ಲ.

ಇಂಥ ಇನ್ಹೇಲರ್‌ನಲ್ಲಿರುವ ಔಷಧ ಸಾಲ್ಬುಟಮಾಲ್, ಶ್ವಾಸನಾಳದ ಸ್ನಾಯುವಿನಲ್ಲಿ ಸಂದೇಶ ಸ್ವೀಕರಿಸುವ ಬೀಟಾ-2 ಗ್ರಾಹಕಗಳಿಗೆ ಅಂಟಿಕೊಂಡು ಕೆಲವೇ ನಿಮಿಷಗಳಲ್ಲಿ ಉಸಿರು ಸರಾಗಗೊಳಿಸುತ್ತದೆ. ಪರಿಣಾಮ ನಾಲ್ಕರಿಂದ ಆರು ಗಂಟೆ ಉಳಿಯುತ್ತದೆ. ಕೈ ನಡುಗುವುದು, ಎದೆ ಬಡಿತ ಹೆಚ್ಚುವುದು ಇದರದೇ ಅಡ್ಡ ಪರಿಣಾಮಗಳು. ಆದರೆ ನಾಳದ ಒಳಪದರದ ಉರಿಯೂತ ಹಾಗೆಯೇ ಇರುತ್ತದೆ. ಅದನ್ನು ತಗ್ಗಿಸುವುದು ಇನ್ನೊಂದು ಬಗೆಯ, ಸ್ಟೀರಾಯ್ಡ್ ಇನ್ಹೇಲರ್. ತಕ್ಷಣ ಹಾಯೆನಿಸುವುದಿಲ್ಲವೆಂದು ಅನೇಕರು ಅದನ್ನೇ ನಿಲ್ಲಿಸಿಬಿಡುತ್ತಾರೆ, ಇದು ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ. ಸಾಲ್ಬುಟಮಾಲ್ ಪದೇಪದೇ ಬೇಕಾಗುತ್ತಿದ್ದರೆ ಉಬ್ಬಸ ಹತೋಟಿ ತಪ್ಪುತ್ತಿದೆ ಎಂದೇ ತಿಳಿಯಬೇಕು.

ಎದೆನೋವಿನ ಗುಳಿಗೆಯ ಕಥೆ ಇನ್ನೂ ಸ್ವಾರಸ್ಯದ್ದು. ನೈಟ್ರೋಗ್ಲಿಸರಿನ್ ಈ ನೋವನ್ನು ಶಮನಗೊಳಿಸುತ್ತದೆಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲೇ ಬರೆದಿದ್ದರೂ, ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡಿ ಸ್ನಾಯುವನ್ನು ಸಡಿಲಿಸುತ್ತದೆಂದು ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು. ಇದೇ ಅನಿಲವನ್ನು ರಕ್ತನಾಳದ ಒಳಪದರವೂ ಸಂದೇಶವಾಹಕವಾಗಿ ಬಳಸುತ್ತದೆ ಎಂಬ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ 1998ರ ನೊಬೆಲ್ ಪುರಸ್ಕಾರ ಪಡೆದರು.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಐಸೋಸಾರ್ಬೈಡ್ ಡೈನೈಟ್ರೇಟ್ ಕೂಡ ಇದೇ ಗುಂಪಿನದು. ನುಂಗಿದರೆ ಅದರ ಬಹುಪಾಲನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ನಾಲಿಗೆಯಡಿ ಕರಗಿದರೆ ನೇರವಾಗಿ ರಕ್ತ ಸೇರುತ್ತದೆ. ಈ ಗುಳಿಗೆ ಹೃದಯದ ರಕ್ತನಾಳದಲ್ಲಿನ ಬ್ಲಾಕ್ ಕರಗಿಸುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ನಿಜವಲ್ಲ. ಗುಳಿಗೆ ಮುಖ್ಯವಾಗಿ ಅಭಿಧಮನಿಗಳನ್ನು ಹಿಗ್ಗಿಸುವುದರಿಂದ ಹೃದಯಕ್ಕೆ ಹಿಂದಿರುಗುವ ರಕ್ತ ಕಡಿಮೆಯಾಗಿ, ಹೃದಯದ ಶ್ರಮವೂ ಅದಕ್ಕೆ ಬೇಕಾದ ಆಮ್ಲಜನಕವೂ ತಗ್ಗುತ್ತವೆ. ನೋವು ಇಳಿಯುವುದು ಬಹುಮಟ್ಟಿಗೆ ಇದರಿಂದ. ರಕ್ತದೊತ್ತಡ ಕುಸಿದು ತಲೆ ಸುತ್ತಬಹುದಾದ್ದರಿಂದ ಕುಳಿತೇ ತೆಗೆದುಕೊಳ್ಳಬೇಕು. ತಲೆನೋವು ಬಂದರೆ ಗಾಬರಿ ಬೇಡ, ಅದು ತಲೆಯ ರಕ್ತನಾಳಗಳು ಹಿಗ್ಗಿದ್ದರ ಫಲ. ಐದು ನಿಮಿಷದಲ್ಲಿ ಎದೆನೋವು ತಗ್ಗದಿದ್ದರೆ ಕಾಯುತ್ತ ಕೂರದೆ 108ಕ್ಕೆ ಕರೆ ಮಾಡಿ.

ಪುರುಷರ ನಿಮಿರುವಿಕೆಯ ತೊಂದರೆಗೆ ಬಳಸುವ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ ನುಂಗಿ 24 ಗಂಟೆಯೊಳಗೆ, ಟಾಡಲಾಫಿಲ್ ಆದರೆ 48 ಗಂಟೆಯೊಳಗೆ, ಈ ಗುಳಿಗೆಯನ್ನು ತೆಗೆದುಕೊಳ್ಳಲೇಬಾರದು. ನೈಟ್ರಿಕ್ ಆಕ್ಸೈಡ್‌ನಿಂದ ಹುಟ್ಟುವ ಸಂದೇಶವನ್ನು ಆ ಮಾತ್ರೆಗಳು ಅಳಿಯಗೊಡುವುದಿಲ್ಲವಾದ್ದರಿಂದ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಸಂಕೋಚದಿಂದ ಇದನ್ನು ಮುಚ್ಚಿಡುವವರು ಬಹಳ. ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.