ಸಂಧಿವಾತಕ್ಕೆ ದೇಹದ್ದೇ ತಡೆ ಪ್ರೋಟೀನ್‌ಗಳು: ನೂರು ಪಟ್ಟು ಯಾಕೆ ಬೇಕು?

ಈ ಟಿಪ್ಪಣಿ ರುಮಟಾಯ್ಡ್ ಸಂಧಿವಾತದ ಬಗ್ಗೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ಬೀಳುವ ಕಾಯಿಲೆಯ ಬಗ್ಗೆ ಮಾತ್ರ. ವಯಸ್ಸಾದವರ ಮಂಡಿ ಸವೆತದ ಕಥೆ ಬೇರೆ. ಎರಡು ಪದ ಮೊದಲೇ ಹೇಳಿಬಿಡುತ್ತೇನೆ: ಸೈಟೊಕೈನ್ ಅಂದರೆ ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಿಡುವ ಪ್ರೋಟೀನ್, ರಿಸೆಪ್ಟರ್ ಅಂದರೆ ಆ ಸಂದೇಶ ಹಿಡಿಯಲು ಜೀವಕೋಶದ ಮೈಮೇಲಿರುವ ಪ್ರೋಟೀನ್.

ಕೀಲು ಕೆಡಿಸುವ ಸೈಟೊಕೈನ್‌ಗಳಲ್ಲಿ ಮುಖ್ಯರು ಇಬ್ಬರು: ಟಿಎನ್‌ಎಫ್ ಮತ್ತು ಐಎಲ್-1. ಕೀಲಿನ ಒಳಪೊರೆಯ ಮ್ಯಾಕ್ರೋಫೇಜ್‌ಗಳು (ರೋಗಾಣುಗಳನ್ನು ನುಂಗುವ ರಕ್ಷಣಾ ಜೀವಕೋಶಗಳು) ಇವನ್ನು ಜಾಸ್ತಿ ಬಿಡುತ್ತವೆ. ಪೊರೆ ಊದುತ್ತದೆ, ಮೃದ್ವಸ್ಥಿ ಕರಗುತ್ತದೆ, ಮೂಳೆಯ ಅಂಚು ಸವೆಯುತ್ತದೆ. ದೇಹ ಇದನ್ನು ನೋಡುತ್ತಾ ಸುಮ್ನೆ ಕೂರುವುದಿಲ್ಲ. ಇಬ್ಬರಿಗೂ ತಡೆ ಪ್ರೋಟೀನ್‌ಗಳನ್ನು ತಾನೇ ತಯಾರಿಸುತ್ತದೆ.

ತೊಡಕು ಶುರುವಾಗುವುದು ಇಲ್ಲೇ. ರೋಗಿಗಳ ಕೀಲಿನ ದ್ರವದಲ್ಲಿ ಈ ತಡೆ ಪ್ರೋಟೀನ್‌ಗಳು ಕಡಿಮೆ ಇರುವುದಿಲ್ಲ, ಜಾಸ್ತಿಯೇ ಇರುತ್ತವೆ. ಹಾಗಾದರೆ ಊತ ಯಾಕೆ ಇಳಿಯುವುದಿಲ್ಲ?

ಐಎಲ್-1 ಆರ್‌ಎ

ಐಎಲ್-1 ಕೂರುವ ರಿಸೆಪ್ಟರ್ ಮೇಲೇ ಬಂದು ಕೂರುವ ಪ್ರೋಟೀನ್ ಇದು. ಆರ್‌ಎ ಅಂದರೆ ರಿಸೆಪ್ಟರ್ ಆಂಟಗೋನಿಸ್ಟ್, ರಿಸೆಪ್ಟರ್ ತಡೆಯುವುದು. ಐಎಲ್-1 ಕೂತರೆ, ಪಕ್ಕದ ಇನ್ನೊಂದು ಪ್ರೋಟೀನ್ ಬಂದು ಜೊತೆ ಸೇರುತ್ತದೆ, ಜೀವಕೋಶದ ಒಳಗೆ ಸಂದೇಶ ಹೋಗುತ್ತದೆ. ಐಎಲ್-1 ಆರ್‌ಎ ಕೂತರೆ ಆ ಜೊತೆಗಾರ ಬರುವುದೇ ಇಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಸೀಟು ಭರ್ತಿ, ಪ್ರಯಾಣಿಕ ಮಾತ್ರ ಇಲ್ಲ.

ಇಲ್ಲಿವರೆಗೆ ಸುಲಭ. ಆಮೇಲೆ ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ: ಐಎಲ್-1 ಅನ್ನು ಸರಿಯಾಗಿ ತಡೆಯಲು ಐಎಲ್-1 ಆರ್‌ಎ ಹತ್ತರಿಂದ ನೂರು ಪಟ್ಟು ಅಥವಾ ಇನ್ನೂ ಜಾಸ್ತಿ ಇರಬೇಕು. ಎರಡೂ ಸುಮಾರು ಒಂದೇ ಬಿಗಿಯಲ್ಲಿ ರಿಸೆಪ್ಟರ್ ಹಿಡಿಯುತ್ತವೆ ಅಂದಮೇಲೆ ಒಂದಕ್ಕೆ ಒಂದು ಸಾಕಾಗಬೇಕಿತ್ತು, ಅಲ್ವಾ?

ಸಾಕಾಗುವುದಿಲ್ಲ. ಜೀವಕೋಶಕ್ಕೆ ಎಲ್ಲ ರಿಸೆಪ್ಟರ್‌ಗಳೂ ಬೇಕಿಲ್ಲ. ಕೆಲವೇ ಕೆಲವು ರಿಸೆಪ್ಟರ್‌ಗಳ ಮೇಲೆ ಐಎಲ್-1 ಕೂತರೂ ಪೂರ್ತಿ ಪ್ರತಿಕ್ರಿಯೆ ಬಂದುಬಿಡುತ್ತದೆ. ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ, ಲೆಕ್ಕ ಮಾಡಲೇಬೇಕು. ಅಂಕಿಗಳು ಲೆಕ್ಕಕ್ಕೆ ಹಿಡಿದವು ಅಷ್ಟೇ.

ಒಂದು ಜೀವಕೋಶದಲ್ಲಿ 200 ರಿಸೆಪ್ಟರ್ ಇವೆ, ಎಲ್ಲವೂ ಭರ್ತಿಯಾಗಿವೆ ಅಂತಿಟ್ಟುಕೊಳ್ಳಿ. ಉರಿಯೂತ ಶುರುವಾಗಲು 5 ಸಾಕು ಅನ್ನಿ. ಎರಡು ಪ್ರೋಟೀನ್‌ಗಳೂ ಸಮ ಸಮ ಇದ್ದರೆ ಐಎಲ್-1ಗೆ 100 ಸಿಗುತ್ತವೆ. ತಡೆ ಪ್ರೋಟೀನ್ ಹತ್ತು ಪಟ್ಟು ಆದರೆ 200ನ್ನು 11ರಿಂದ ಭಾಗಿಸಿ: ಸುಮಾರು 18. ತೊಂಬತ್ತು ಶೇಕಡಾ ರಿಸೆಪ್ಟರ್ ಮುಚ್ಚಿದರೂ ಉರಿಯೂತಕ್ಕೆ ಬೇಕಾದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಉಳಿಯಿತು! ನೂರು ಪಟ್ಟು ಆದರೆ 200ನ್ನು 101ರಿಂದ ಭಾಗಿಸಿ: ಸುಮಾರು 2. ಈಗ ನಿಂತಿತು.

ಅಲ್ಲಿಗೆ, ಪ್ರಮಾಣ ಎಷ್ಟು ಏರಿದೆ ಅನ್ನುವುದಲ್ಲ, ಐಎಲ್-1ಗೆ ಹೋಲಿಸಿದರೆ ಎಷ್ಟು ಪಟ್ಟು ಇದೆ ಅನ್ನುವುದೇ ಮುಖ್ಯ. ರೋಗಿಯ ಕೀಲಲ್ಲಿ ಎರಡೂ ಏರಿರುತ್ತವೆ, ಆದರೆ ಬೇಕಾದ ಅಂತರ ಸಿಕ್ಕಿರುವುದಿಲ್ಲ.

ಔಷಧಿಯ ಡೋಸ್ ಕೂಡ ಇದರಿಂದ ಅರ್ಥವಾಗುತ್ತದೆ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಐಎಲ್-1 ಆರ್‌ಎಗೆ ಅನಾಕಿನ್ರಾ ಅಂತ ಹೆಸರು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೆ 100 ಮಿಲಿಗ್ರಾಂ, ಚರ್ಮದಡಿ ಇಂಜೆಕ್ಷನ್. ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ ಮಾತ್ರ. ಅದೇ ಎರಡು ವಾರದಲ್ಲಿ ಅನಾಕಿನ್ರಾ 1400 ಮಿಲಿಗ್ರಾಂ ಹೋಗಿರುತ್ತದೆ! ಸಾಲದ್ದಕ್ಕೆ, ಅದು ನಾಲ್ಕರಿಂದ ಆರು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಈ ಪ್ರೋಟೀನ್ ನಿಜಕ್ಕೂ ಅಷ್ಟು ಮುಖ್ಯವೇ ಅನ್ನುವವರಿಗೆ: ಇದನ್ನು ತಯಾರಿಸಲು ಆಗದ ಮಕ್ಕಳ ಬಗ್ಗೆ 2009ರಲ್ಲಿ ವರದಿಯಾಯಿತು. ಹುಟ್ಟಿದ ಸ್ವಲ್ಪ ದಿನಕ್ಕೇ ಮೈಮೇಲೆ ಕೀವುಗುಳ್ಳೆ, ಮೂಳೆಯಲ್ಲಿ ಉರಿಯೂತ, ಕೀಲು ಊತ. ಅನಾಕಿನ್ರಾ ಕೊಟ್ಟರೆ ಬೇಗ ತಗ್ಗುತ್ತದೆ. ಆದರೂ ರುಮಟಾಯ್ಡ್‌ನಲ್ಲಿ ಅದರ ಫಲ ಟಿಎನ್‌ಎಫ್ ಔಷಧಿಗಳಿಗಿಂತ ಕಡಿಮೆ. ಲೆಕ್ಕ ಚೆನ್ನಾಗಿದೆ ಅಂತ ಔಷಧಿಯೂ ಗೆಲ್ಲಬೇಕಿಲ್ಲ.

ಟಿಎನ್‌ಎಫ್ ಕಡೆ

ಇಲ್ಲಿ ಉಪಾಯ ಉಲ್ಟಾ. ಜೀವಕೋಶ ತನ್ನ ಮೈಮೇಲಿನ ಟಿಎನ್‌ಎಫ್ ರಿಸೆಪ್ಟರ್‌ಗಳನ್ನೇ ಕತ್ತರಿಸಿ ದ್ರವಕ್ಕೆ ಬಿಡುತ್ತದೆ. ತೇಲುವ ಆ ತುಂಡುಗಳು ಟಿಎನ್‌ಎಫ್ ಅನ್ನು ಹೊರಗೇ ಹಿಡಿಯುತ್ತವೆ. ಮಜಾ ಏನೆಂದರೆ, ಕತ್ತರಿಸುವ ಕಿಣ್ವ ಆಡಮ್-17. ಟಿಎನ್‌ಎಫ್ ಅನ್ನು ಜೀವಕೋಶದಿಂದ ಬಿಡಿಸಿ ಹೊರಗೆ ಕಳಿಸುವುದೂ ಅದೇ.

ತುಂಡು ರಿಸೆಪ್ಟರ್‌ನ ದೌರ್ಬಲ್ಯ ಅದರ ಒಂಟಿತನ. ಹಿಡಿದದ್ದನ್ನು ಬೇಗ ಬಿಟ್ಟುಬಿಡುತ್ತದೆ. ಎಟನರ್ಸೆಪ್ಟ್ ಅನ್ನುವ ಔಷಧಿಯಲ್ಲಿ ಎರಡು ರಿಸೆಪ್ಟರ್ ತುಂಡುಗಳನ್ನು ಆಂಟಿಬಾಡಿಯ ಬುಡಕ್ಕೆ ಸೇರಿಸಿದ್ದಾರೆ. ಹಿಡಿತ ಬಿಗಿ, ರಕ್ತದಲ್ಲಿ ಉಳಿಯುವುದೂ ಹೆಚ್ಚು ಹೊತ್ತು. 1998ರಲ್ಲಿ ಬಂತು, ವಾರಕ್ಕೆ 50 ಮಿಲಿಗ್ರಾಂ.

ಪರೀಕ್ಷೆಗೆ ನನ್ನ ಅಡ್ಡದಾರಿ: ಹೆಸರು 'ಸೆಪ್ಟ್' ಅಂತ ಮುಗಿದರೆ ರಿಸೆಪ್ಟರ್ ತುಂಡು, 'ಮ್ಯಾಬ್' ಅಂತ ಮುಗಿದರೆ ಆಂಟಿಬಾಡಿ, 'ಕಿನ್ರಾ' ಅಂತ ಮುಗಿದರೆ ರಿಸೆಪ್ಟರ್ ಮೇಲೆ ಕೂರುವ ತಡೆ.

ಉಳಿದವರು

ಅನೆಕ್ಸಿನ್ ಎ1: ಸ್ಟೀರಾಯ್ಡ್‌ಗಳ ಕೆಲಸದಲ್ಲಿ ಒಂದು ಪಾಲು ಇದರ ಮೂಲಕ ನಡೆಯುತ್ತದೆ. ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ರಕ್ತನಾಳದ ಗೋಡೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಐಎಲ್-10: ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್, ಐಎಲ್-1 ಬಿಡುವುದನ್ನೇ ತಗ್ಗಿಸುತ್ತದೆ. ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಸೊಗಸಾಗಿ ಕೆಲಸ ಮಾಡಿತು, ರೋಗಿಗಳಿಗೆ ಇಂಜೆಕ್ಷನ್ ಕೊಟ್ಟಾಗ ನಿರಾಸೆ.

ಟಿಎನ್‌ಎಫ್ ಬರೀ ಖಳನಾಯಕ ಅಲ್ಲ. ದೇಹದಲ್ಲಿ ಅಡಗಿರುವ ಕ್ಷಯದ ರೋಗಾಣುಗಳನ್ನು ಕಟ್ಟಿಹಾಕಿಡಲು ಅದು ಬೇಕು. ಅದಕ್ಕೇ ಟಿಎನ್‌ಎಫ್ ತಡೆಯುವ ಔಷಧಿ ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ, ನಮ್ಮ ದೇಶದಲ್ಲಂತೂ ಅದನ್ನು ಬಿಡುವಂತಿಲ್ಲ. ಎಟನರ್ಸೆಪ್ಟ್, ಅನಾಕಿನ್ರಾ ಎರಡನ್ನೂ ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ನೋಡಿದ್ದೂ ಆಗಿದೆ. ಕೀಲಿಗೆ ಹೆಚ್ಚಿನ ಲಾಭ ಆಗಲಿಲ್ಲ, ಗಂಭೀರ ಸೋಂಕು ಮಾತ್ರ ಜಾಸ್ತಿಯಾಯಿತು. ಹಾಗಾಗಿ ಈ ಜೋಡಿಯನ್ನು ಬರೆದುಕೊಡುವುದಿಲ್ಲ.