'ಹಾಕು' ಅಂದರೆ ಏನು ಹಾಕಬೇಕು?

ಶಾಲಾ ವಾರ್ಷಿಕೋತ್ಸವದ ನಾಟಕ. ದೂತ ಕೆಟ್ಟ ಸುದ್ದಿ ಹೇಳಿ ಹೋಗಿದ್ದಾನೆ, ರಂಗ ಕತ್ತಲಾಗಿದೆ. ಪಕ್ಕದ ಪರದೆಯ ಮರೆಯಿಂದ ನಾಟಕ ಮಾಡಿಸಿದ ಮೇಷ್ಟ್ರು ಮೂರನೇ ಸಾಲಿಗೂ ಕೇಳಿಸುವಂತೆ ಪಿಸುಗುಟ್ಟುತ್ತಾರೆ: 'ಹಾಕೋ, ಹಾಕೋ!' ಲೈಟಿನ ಹುಡುಗ ಲೈಟ್ ಹಾಕುತ್ತಾನೆ. ಪರದೆಯ ಹುಡುಗ ಪರದೆ ಹಾಕುತ್ತಾನೆ. ಸೌಂಡಿನ ಹುಡುಗಿ ಹಾಡು ಹಾಕುತ್ತಾಳೆ. ಮೂವರೂ ಹೇಳಿದ್ದನ್ನೇ ಮಾಡಿದ್ದಾರೆ, ಆಮೇಲೆ ಮೂವರಿಗೂ ಬೈಗುಳ.

ನಮ್ಮ ಭಾಷೆಯಲ್ಲಿ ಪರದೆ ತೆಗೆದರೆ ರಂಗ ಕಾಣುತ್ತದೆ, ಲೈಟ್ ತೆಗೆದರೆ ಕಾಣೆಯಾಗುತ್ತದೆ. 'ಬಿಡು' ಅಂದರೆ ಪರದೆ ಇಳಿಬಿಡು ಅಂತಲೋ, ಹೋಗಲಿ ಬಿಡು ಅಂತಲೋ, ಕತ್ತಲಲ್ಲಿ ನಿಂತ ಎಂಟನೇ ಕ್ಲಾಸಿನ ಹುಡುಗ ಹೇಗೆ ತಿಳಿಯಬೇಕು? ಆದರೂ ನಾಟಕ ಹತ್ತಿರ ಬಂದಾಗ ಶಾಲೆಗಳಿಂದ ಬರುವ ಪ್ರಶ್ನೆ ಒಂದೇ: ಎಷ್ಟು ಲೈಟ್ ಬೇಕು, ಬಾಡಿಗೆ ಎಷ್ಟಾಗುತ್ತದೆ? ಕ್ಯೂ, ಅಂದರೆ 'ಈಗ ಮಾಡು' ಎಂಬ ಸೂಚನೆ, ಯಾರು ಕೊಡುತ್ತಾರೆ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಉತ್ತರ ಸರಳ. ಒಬ್ಬರೇ ಕೊಡಬೇಕು, ಮತ್ತು ಆ ಒಬ್ಬರು ನಾಟಕ ಮಾಡಿಸಿದ ಮೇಷ್ಟ್ರಾಗಿರಬಾರದು. ಮೇಷ್ಟ್ರ ಕಣ್ಣು ಮಕ್ಕಳ ಅಭಿನಯದ ಮೇಲಿರುತ್ತದೆ. ಒಬ್ಬ ಮಾತು ಮರೆತರೆ ಅವರ ಜೀವ ಅಲ್ಲೇ ನಿಲ್ಲುತ್ತದೆ, ಮುಂದಿನ ಲೈಟು ಮರೆತೇಹೋಗುತ್ತದೆ. ಆ ಕೆಲಸ ರಂಗ ನಿರ್ವಾಹಕರದ್ದು. ಅದಕ್ಕೆ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ತಾಲೀಮಿನ ಮೊದಲ ದಿನವೇ ಕೂರಿಸಿ. ಪಾತ್ರ ಸಿಗದೆ ಅಳುತ್ತಿರುವ ಮಗುವಿಗೆ ಕೊನೆಯ ವಾರದ ಸಮಾಧಾನವಾಗಿ ಕೊಡುವ ಕೆಲಸ ಇದಲ್ಲ. ತರಗತಿಯಲ್ಲಿ ಹೋಂವರ್ಕ್ ಯಾರದು ಬಾಕಿ, ಯಾರ ಪೆನ್ನು ಯಾರ ಹತ್ತಿರ ಇದೆ ಎಂದು ನೆನಪಿಟ್ಟುಕೊಳ್ಳುವ ಒಬ್ಬಳು ಇದ್ದೇ ಇರುತ್ತಾಳಲ್ಲ, ಅವಳನ್ನು ಹಿಡಿಯಿರಿ. ಎಂಟು ಅಥವಾ ಒಂಬತ್ತನೇ ತರಗತಿಯವರಾದರೆ ಒಳ್ಳೆಯದು. ಹತ್ತನೆಯವರು ಡಿಸೆಂಬರ್ ಹೊತ್ತಿಗೆ ಪರೀಕ್ಷೆಯ ತಯಾರಿಗೆ ಹೋಗುತ್ತಾರೆ, ಕಲಿತದ್ದೂ ಅವರ ಜೊತೆ ಹೋಗುತ್ತದೆ.

ಇದು ಹೊರಗಿನಿಂದ ಬಂದ ಶಿಸ್ತು ಎಂದು ಮೂಗು ಮುರಿಯುವವರು ಯಕ್ಷಗಾನ ನೋಡಲಿ. ಭಾಗವತರು ರಂಗದ ಮೇಲೆಯೇ ಕೂತು ತಾಳ ಕುಟ್ಟುತ್ತಾರೆ. ಪದ ಯಾವಾಗ ಎತ್ತಬೇಕು, ಮಾತು ಎಲ್ಲಿ ನಿಲ್ಲಬೇಕು, ಎಲ್ಲ ಅವರದೇ ಅಧೀನ. ಎಷ್ಟೇ ದೊಡ್ಡ ವೇಷಧಾರಿಯಾದರೂ ಅವರನ್ನು ಮೀರಿ ಕುಣಿಯುವುದಿಲ್ಲ. ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳು ಹಿಂದೆ ಅರಮನೆ ಜೋಡಿಸುವಷ್ಟು ಹೊತ್ತು ಮುಂದೆ ಬೀದಿಯ ಪರದೆ ಇಳಿಸಿ ಹಾಸ್ಯ ದೃಶ್ಯ ಆಡಿಸುತ್ತಿದ್ದವು. ಒಳಗಿನ ಕೆಲಸ ಮುಗಿದದ್ದು ಹೊರಗಿನ ಹಾಸ್ಯಗಾರನಿಗೆ ತಿಳಿಯದಿದ್ದರೆ ಆ ಏರ್ಪಾಟು ಒಂದು ದಿನವೂ ನಡೆಯುತ್ತಿರಲಿಲ್ಲ.

ಈಗ ಕ್ಯೂ ಪುಸ್ತಕ. ಇನ್ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಬಲಪುಟಕ್ಕೆ ನಾಟಕದ ಹಾಳೆ ಅಂಟಿಸಿ, ಎಡಪುಟ ಖಾಲಿ ಬಿಡಿ. ಎಡಗಡೆ ಕ್ಯೂ ಬರೆದು, ಅದು ಬೀಳುವ ಪದದವರೆಗೆ ಗೆರೆ ಎಳೆಯಿರಿ. ಪೆನ್ಸಿಲ್‌ನಲ್ಲೇ, ಏಕೆಂದರೆ ಅರ್ಧ ಕ್ಯೂಗಳು ಜಾಗ ಬದಲಿಸುತ್ತವೆ. ಬೆಳಕಿಗೆ ಅಂಕಿ: ಲೈಟ್ 1, ಲೈಟ್ 2. ಸದ್ದಿಗೆ ಅಕ್ಷರ: ಸೌಂಡ್ ಕ, ಸೌಂಡ್ ಖ. ಎರಡಕ್ಕೂ ಅಂಕಿ ಕೊಟ್ಟರೆ 'ಏಳು' ಎಂದಾಗ ಇಬ್ಬರೂ ಏಳುತ್ತಾರೆ.

ಕ್ಯೂ ಕರೆಯುವುದು ಎರಡು ಹಂತದಲ್ಲಿ. ಸುಮಾರು ಅರ್ಧ ನಿಮಿಷ ಮೊದಲು 'ಲೈಟ್ 7 ಸಿದ್ಧ'. ಲೈಟಿನವನು 'ಸಿದ್ಧ' ಎಂದು ಮರುನುಡಿಯಬೇಕು, ತಲೆಯಾಡಿಸಿದರೆ ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ 'ಲೈಟ್ 7... ಗೋ'. ಕೈ ಅಲ್ಲಾಡುವುದು 'ಗೋ' ಕೇಳಿದ ಮೇಲೆಯೇ. ಹಾಕು, ತೆಗೆ, ಬಿಡು, ಹೂಂ, ಆಯ್ತು ಈ ಐದೂ ಪದ ನಾಟಕ ಮುಗಿಯುವವರೆಗೆ ನಿಷಿದ್ಧ. ಹೆಡ್‌ಸೆಟ್ ಇಲ್ಲದ ಶಾಲೆಗಳಲ್ಲಿ ಲೈಟ್ ಮತ್ತು ಸೌಂಡಿನವರನ್ನು ರಂಗ ನಿರ್ವಾಹಕಿಯ ಪಕ್ಕದಲ್ಲೇ ಕೂರಿಸಿ. ಪರದೆಯವನು ದೂರದಲ್ಲಿದ್ದರೆ ನೀಲಿ ಜಿಲೇಟಿನ್ ಹಾಳೆ ಸುತ್ತಿದ ಟಾರ್ಚ್ ಸಾಕು: ಹೊತ್ತಿದರೆ ಸಿದ್ಧ, ಆರಿದರೆ ಗೋ. ತಿರುವುಮುರುವು ಮಾಡಬೇಡಿ. ಸೆಲ್ ಮುಗಿದ ಟಾರ್ಚ್ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ 'ಸಿದ್ಧ'ದ ಹಂತದಲ್ಲೇ ತೊಂದರೆ ಗೊತ್ತಾಗಿಬಿಡುತ್ತದೆ.

ಎಷ್ಟು ಹೇಳಿದರೂ ತಲೆಗೆ ಹೋಗದ ಸಂಗತಿ ಇನ್ನೊಂದಿದೆ. ಕ್ಯೂ ಎಂದರೆ ಕೊನೆಯ ಮಾತಲ್ಲ. 'ಇನ್ನು ಈ ರಾಜ್ಯ ನಿನ್ನದು' ಎಂಬ ಮಾತಿಗೆ ಪರದೆ ಪೂರ್ತಿ ಮುಚ್ಚಿರಬೇಕು ಎಂದುಕೊಳ್ಳಿ. ಹಗ್ಗದ ಪರದೆ ಮುಚ್ಚಲು ನಾಲ್ಕೈದು ಸೆಕೆಂಡು ಬೇಕು, ಹುಡುಗ ಕೇಳಿ ಎಳೆಯಲು ಶುರುಮಾಡಲು ಮತ್ತೊಂದು. 'ನಿನ್ನದು' ಎಂದ ಮೇಲೆ ಗೋ ಎಂದರೆ ಆರು ಸೆಕೆಂಡು ರಾಜ ಬಾಯಿ ಮುಚ್ಚಿ ನಿಂತಿರುತ್ತಾನೆ. ಸಭಿಕರಿಗೆ ಆರು ಸೆಕೆಂಡು ಬಹಳ ದೊಡ್ಡದು, ಚಪ್ಪಾಳೆ ಶುರುವಾಗಿ ನಿಂತೂ ಹೋಗಬಹುದು. ಆದ್ದರಿಂದ ಗೋ ಹಿಂದಿನ ವಾಕ್ಯದಲ್ಲೇ ಬರಬೇಕು. ಎಷ್ಟು ಹಿಂದೆ ಎಂಬುದು ವಾಚು ಹಿಡಿದು ಅಳೆಯುವ ವಿಷಯ, ಊಹಿಸುವುದಲ್ಲ.

ಮಕ್ಕಳು ಸಾಲು ನುಂಗುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಇಡಿ. ಕ್ಯೂವನ್ನು ಒಂದೇ ಪದಕ್ಕೆ ಕಟ್ಟಿದರೆ ಆ ಪದ ಮರೆತ ದಿನ ಲೈಟ್ ಬರುವುದೇ ಇಲ್ಲ. ಸಾಧ್ಯವಾದಲ್ಲೆಲ್ಲ ಕ್ರಿಯೆಗೆ ಕಟ್ಟಿ: ದೂತ ಪತ್ರ ಮಡಚಿದಾಗ, ರಾಣಿ ಎರಡನೇ ಮೆಟ್ಟಿಲು ಇಳಿದಾಗ. ಮಾತು ಮರೆತವರೂ ಮೆಟ್ಟಿಲು ಇಳಿಯುವುದನ್ನು ಮರೆಯುವುದಿಲ್ಲ.

ಇಷ್ಟನ್ನೂ ಪ್ರದರ್ಶನದ ದಿನ ಬೆಳಗ್ಗೆ ಬಾಡಿಗೆ ಲೈಟು ಇಳಿದ ಮೇಲೆ ಕಲಿಸಲಾಗದು. ಹಿಂದಿನ ದಿನವೇ ತರಿಸಿ. ಒಂದು ದಿನದ ಹೆಚ್ಚುವರಿ ಬಾಡಿಗೆ ಅತಿಥಿಗಳ ಶಾಲು ಹಾರದ ಖರ್ಚಿಗಿಂತ ಹೆಚ್ಚಾಗಲಿಕ್ಕಿಲ್ಲ. ಅವತ್ತು ಪೂರ್ತಿ ನಾಟಕ ಆಡಿಸಬೇಡಿ. ಕ್ಯೂನಿಂದ ಕ್ಯೂಗೆ ಜಿಗಿಯಿರಿ: ಎರಡು ಸಾಲು ಮಾತು, ಗೋ, ಬದಲಾವಣೆ, ನಿಲ್ಲಿ, ಮುಂದಿನದು. ನಲವತ್ತು ನಿಮಿಷದ, ಇಪ್ಪತ್ತೈದು ಕ್ಯೂಗಳ ನಾಟಕಕ್ಕೆ ಮೂರು ಗಂಟೆ ಇಡಿ. ನಟರಿಗೆ ಬೇಜಾರಾಗುತ್ತದೆ, ಆಗಲಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಚಾರಿ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಅಲ್ಲಿ ನಟರೇ ಸೆಟ್ಟು ಕಟ್ಟಿ ಬಿಚ್ಚುತ್ತಾರೆ. ನಿಮ್ಮ ರಾಜಕುಮಾರ ಮೂರು ಗಂಟೆ ನಿಂತರೆ ಕಿರೀಟವೇನೂ ಸವೆಯುವುದಿಲ್ಲ.

ಉಳಿದ ಕೆಲವು ಮಾತು ಬೇಗ ಮುಗಿಸುತ್ತೇನೆ. ರಂಗಪರಿಕರಗಳ ಮೇಜಿನ ಮೇಲೆ ಕಂದು ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಹೆಸರು ಬರೆಯಿರಿ. ಖಾಲಿ ಗೆರೆ ಕಂಡರೆ ಕತ್ತಿ ಕಾಣೆ ಎಂದು ನಾಟಕ ಶುರುವಾಗುವ ಮೊದಲೇ ತಿಳಿಯುತ್ತದೆ. ಸಂಗೀತವನ್ನು ಯೂಟ್ಯೂಬ್‌ನಿಂದ ನೇರ ನುಡಿಸಬೇಡಿ, ಚಿತೆಯ ದೃಶ್ಯಕ್ಕೆ ಸಾಬೂನಿನ ಜಾಹೀರಾತು ಬಂದೀತು. ಪ್ರತಿ ತುಣುಕೂ ಬೇರೆ ಫೈಲ್, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ, ಬ್ಲೂಟೂತ್ ಅಲ್ಲ, ವೈರು. ಒಂದು ತುಣುಕು ಮುಗಿದಾಗ ಮುಂದಿನದು ತಾನಾಗಿ ಶುರುವಾಗದಂತೆ ಆಟೋಪ್ಲೇ ನಿಲ್ಲಿಸಿ.

ವಿದ್ಯುತ್ತಿನ ಬಗ್ಗೆ ಮಾತ್ರ ಎಚ್ಚರದಿಂದ ಹೇಳುತ್ತೇನೆ, ನಿಮ್ಮ ಸಭಾಂಗಣದ ವೈರಿಂಗ್ ನೋಡದೆ ಯಾರೂ ಭರವಸೆ ಕೊಡಬಾರದು. 1000 ವ್ಯಾಟ್‌ನ ಒಂದು ಪಾರ್ ಲೈಟು (ರಂಗಕ್ಕೆ ಬಳಸುವ ಡಬ್ಬಿಯಾಕಾರದ ದೀಪ) 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸರ್ಕೀಟಿಗೆ ಮೂರು ಸೇರಿದರೆ 13, ನಾಲ್ಕನೆಯದು ಸೇರಿದರೆ 17 ದಾಟುತ್ತದೆ. ನಾಲ್ಕೂ ಒಟ್ಟಿಗೆ ಹೊತ್ತುವುದು ಸಾಮಾನ್ಯವಾಗಿ ಕ್ಲೈಮ್ಯಾಕ್ಸ್‌ನಲ್ಲಿ, ಸಭೆಯೆಲ್ಲ ಕತ್ತಲಾಗುವುದೂ ಆಗಲೇ. ಆ ಮೂರೂ ಹಳೆಯ ಗೋಡೆಯೊಳಗಿನ ತೆಳು ತಂತಿಗೆ ಭಾರವಾಗಬಹುದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ನೋಡಿ ಹೇಳಲಿ. ಏಣಿ ಹತ್ತಿ ಲೈಟ್ ಕಟ್ಟುವುದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ.

ಮೇಷ್ಟ್ರೆ, ನಾಟಕದ ದಿನ ನಿಮ್ಮ ಜಾಗ ಸಭಾಂಗಣದ ಕೊನೆಯ ಸಾಲು. ಒಳಗೆ ಬರಬೇಡಿ. ಏನಾದರೂ ತಪ್ಪಿದರೆ ರಂಗ ನಿರ್ವಾಹಕಿ ಒಂದು ಕ್ಯೂ ಬಿಟ್ಟು ಮುಂದಿನದಕ್ಕೆ ಹೋಗುತ್ತಾಳೆ, ಅದನ್ನೂ ಹಿಂದಿನ ದಿನ ಒಮ್ಮೆ ಬೇಕೆಂದೇ ತಪ್ಪಿಸಿ ಅಭ್ಯಾಸ ಮಾಡಿಸಿ. ಅವಳ ಪುಸ್ತಕದ ಕೊನೆಯ ಪುಟದಲ್ಲಿ ನಮಸ್ಕಾರದ ಕ್ಯೂ ಇದೆಯೇ ಎಂದೂ ನೋಡಿಕೊಳ್ಳಿ. ನೇಪಥ್ಯದವರನ್ನೂ ರಂಗಕ್ಕೆ ಕರೆಯುವುದು ಒಳ್ಳೆಯ ರೂಢಿಯೇ, ಆದರೆ ಪರದೆಯ ಹುಡುಗನೂ ಬಂದು ಕೈಮುಗಿದು ನಿಂತರೆ ಹಗ್ಗ ಎಳೆಯುವವರು ಯಾರು? ಮೂವತ್ತು ಮಕ್ಕಳು ಮೂರನೇ ಸಲ ಬಾಗುತ್ತ ಪರಸ್ಪರ ಮುಖ ನೋಡಿಕೊಳ್ಳುವುದು ಅದಕ್ಕೇ. ಆ ಒಂದು ನಿಮಿಷಕ್ಕೆ ಶಾಲೆಯ ಅಟೆಂಡರ್‌ಗೆ ಹಗ್ಗ ಕೊಟ್ಟಿಡಿ.