‘ಮೇವಕು’ ಪಾಲಿಸುವಂಥದ್ದಲ್ಲ

ಜಪಾನಿನ ರೈಲು, ರಸ್ತೆಗಳನ್ನು ಹೊಗಳುವ ಬರಹಗಳಲ್ಲಿ ಈಗ ‘ಮೇವಕು’ ಎಂಬ ಪದ ಜಾಸ್ತಿ ಓಡಾಡುತ್ತಿದೆ. ‘ಜಪಾನೀಯರು ಮೇವಕು ಪಾಲಿಸುತ್ತಾರೆ, ನಾವೂ ಮೇವಕು ಕಲಿಯೋಣ’ ಎಂದು ಬರೆಯುತ್ತಾರೆ. ಇದು ಪೂರಾ ಉಲ್ಟಾ. ಮೇವಕು ಅಂದರೆ ಇನ್ನೊಬ್ಬರಿಗೆ ಆಗುವ ತೊಂದರೆ. ಕರಾವಳಿಯವರ ‘ಉಪದ್ರ’ ಇದಕ್ಕೆ ತೀರಾ ಹತ್ತಿರ. ‘ನಾವೂ ಉಪದ್ರ ಕಲಿಯೋಣ’ ಎಂದು ಯಾರೂ ಬರೆಯುವುದಿಲ್ಲ, ಅಲ್ವಾ?

ಇದನ್ನು ಬರೆಯಲು ಎರಡು ಚೀನೀ ಅಕ್ಷರ ಬೇಕು. ಒಂದಕ್ಕೆ ದಾರಿ ತಪ್ಪುವುದು ಎಂಬ ಅರ್ಥ, ಇನ್ನೊಂದಕ್ಕೆ ಗೊಂದಲಕ್ಕೆ ಬೀಳುವುದು. ಚೀನೀ ಭಾಷೆಯಲ್ಲಿ ಈ ಜೋಡಿಗೆ ಈಗಲೂ ಸುಮಾರು ಅದೇ ಅರ್ಥ. ಜಪಾನಿನಲ್ಲೂ ಹಿಂದೆ ಏನೂ ತೋಚದೆ ಕಂಗಾಲಾಗುವುದಕ್ಕೆ ಹೀಗೆನ್ನುತ್ತಿದ್ದರು. ಆಮೇಲೆ ಅರ್ಥ ಸರಿದು, ಬೇರೆಯವರಿಂದ ನಮಗಾಗುವ ಕಿರಿಕಿರಿ ಎಂದಾಯಿತು. ಅಂದರೆ ಇದು ಅನುಭವಿಸುವವರ ಕಡೆಯ ಮಾತು. ಮಾಡಿದವರ ಮನಸ್ಸು ಒಳ್ಳೆಯದಿದ್ದರೂ ಮೇವಕು ಮೇವಕುವೇ. ಸ್ಪ್ಯಾಮ್ ಮೇಲ್‌ಗೆ ಅಲ್ಲಿ ‘ಮೇವಕು ಮೇರು’ ಎನ್ನುತ್ತಾರೆ. ರಸ್ತೆ ಅಗೆಯುವ ಕಡೆ, ನಿಮಗೆ ಮೇವಕು ಕೊಡುತ್ತಿದ್ದೇವೆ ಎಂದು ಬೋರ್ಡಿನಲ್ಲೇ ಕ್ಷಮೆ ಕೇಳಿರುತ್ತಾರೆ.

‘ಅಲ್ಲಿ ಯಾರೂ ಹೇಳುವುದೇ ಬೇಡ, ಎಲ್ಲ ರಕ್ತದಲ್ಲೇ ಇದೆ’ ಎನ್ನುವುದೂ ಸರಿಯಲ್ಲ. ಮೊಬೈಲ್ ಸೈಲೆಂಟ್ ಮಾಡಿ, ಕರೆ ಮಾಡಬೇಡಿ ಎಂದು ರೈಲಿನಲ್ಲಿ ಬಾಯಿಬಿಟ್ಟೇ ಹೇಳುತ್ತಾರೆ. ಖಾಸಗಿ ರೈಲ್ವೆಗಳ ಸಂಘ ಪ್ರಯಾಣಿಕರಿಗೆ ಯಾವ ಮೇವಕು ಹೆಚ್ಚು ಎಂದು ಸಮೀಕ್ಷೆ ಮಾಡಿ ಪಟ್ಟಿ ಹಾಕುತ್ತದೆ. ಟೋಕಿಯೊ 1962ರಲ್ಲಿ ತಂದ ಒಂದು ಕಾನೂನಿನ ಹೆಸರಲ್ಲೇ ಈ ಪದವಿದೆ. ರೈಲಿನಲ್ಲಿ ಹೆಂಗಸರ ಮೈಮುಟ್ಟುವವರ ಮೇಲೆ ಇಂಥ ಕಾನೂನಿನಡಿಯೂ ಕೇಸು ಹಾಕುತ್ತಾರೆ. ಸುಮ್ನೆ ‘ನಯವಿನಯ’ ಎಂದು ಅನುವಾದಿಸಿದರೆ ಇಷ್ಟೂ ಮರೆಯಾಗುತ್ತದೆ.

ಹೇಳದೆಯೇ ಬೆಳೆದ ರೂಢಿಗಳೂ ಇವೆ, ಆದರೆ ಅವೆಲ್ಲ ಒಳ್ಳೆಯವೇ ಆಗಬೇಕಿಲ್ಲ. ಎಸ್ಕಲೇಟರನ್ನೇ ನೋಡಿ. ಟೋಕಿಯೊದಲ್ಲಿ ಎಡಕ್ಕೆ ನಿಲ್ಲುತ್ತಾರೆ, ಒಸಾಕಾದಲ್ಲಿ ಬಲಕ್ಕೆ. ಅವಸರದವರು ಹತ್ತಿ ಹೋಗಲಿ ಎಂದು ಇನ್ನೊಂದು ಬದಿ ಖಾಲಿ. ನಮ್ಮ ಪ್ರವಾಸಿಗರು ಇದರ ಫೋಟೊ ಹಾಕಿ ಮೆಚ್ಚುತ್ತಾರೆ. ಆದರೆ ಎಡಗೈ ಸ್ವಾಧೀನ ಇಲ್ಲದವರಿಗೆ ಬಲಗಡೆಯ ಕಂಬಿಯೇ ಆಸರೆ. ಟೋಕಿಯೊದಲ್ಲಿ ಅವರು ಬಲಕ್ಕೆ ನಿಂತರೆ ಹಿಂದಿನವರು ಸಿಡುಕುತ್ತಾರೆ. ಪಕ್ಕದಲ್ಲಿ ನುಗ್ಗಿ ಹೋಗುವವರು ತಾಗಿದರೆ ಬೀಳುವ ಭಯ ಬೇರೆ. ಉಪಕಾರ ಎಂದು ಶುರುವಾದದ್ದು ಇವರಿಗೆ ಮೇವಕು ಆಯಿತು. ಅದಕ್ಕೇ ಸೈತಾಮಾ ಪ್ರಾಂತ್ಯ 2021ರಲ್ಲಿ, ಎಸ್ಕಲೇಟರಿನಲ್ಲಿ ನಡೆಯಬೇಡಿ, ನಿಂತೇ ಹೋಗಿ ಎಂದು ನಿಯಮ ಮಾಡಿತು. 2023ರಲ್ಲಿ ನಗೋಯಾ ನಗರವೂ ಅದನ್ನೇ ಮಾಡಿತು. ಎರಡು ಕಡೆಯೂ ದಂಡವಿಲ್ಲ.